ಎರಡು ಗೀರು, ಒಂದು ಮೂಗು

“ಇವತ್ತು ಸಂಜೆ ಐದು ಗಂಟೆಯೊಳಗೆ ಈ ಗೀರು ಭೂಮಿಯ ಮೇಲಿರಬಾರದು!”

ಹೀಗೆಂದು ಕನ್ನಡಿ ಮೇಸ್ತ್ರಿ ಶಪಥ ಮಾಡಿದ್ದು ಬಚ್ಚಲುಮನೆಯಲ್ಲಿ, ಚಿಲಕ ಹಾಕಿಕೊಂಡು, ತೀರಾ ಸಣ್ಣ ದನಿಯಲ್ಲಿ. ಶಪಥ ಎಂದರೆ ತುಂಬಿದ ಸಭೆಯಲ್ಲಿ ಎದೆ ತಟ್ಟಿಕೊಂಡು ಮಾಡುವಂಥದ್ದು, ನಿಜ. ಆದರೆ ಗೀರು ಇದ್ದದ್ದು ಹೆಂಡತಿಯ ಮೊಬೈಲಿನ ಮೇಲೆ. ಅದನ್ನು ಮಾಡಿದವನು ತಾನೇ ಎಂಬ ಸತ್ಯ ಇದ್ದದ್ದು ಅವನ ಹೊಟ್ಟೆಯೊಳಗೆ, ಇಪ್ಪತ್ತು ದಿನಗಳಿಂದ, ಜೀರ್ಣವಾಗದೆ. ಅಂಥ ಶಪಥಕ್ಕೆ ಬಚ್ಚಲಿಗಿಂತ ಒಳ್ಳೆಯ ಸಭೆ ಸಿಗುವುದಿಲ್ಲ.

ಮೇಸ್ತ್ರಿಯ ಕಸುಬು ಮೇಜು, ಕುರ್ಚಿ, ಬಾಗಿಲುಗಳಿಗೆ ಪಾಲಿಶ್ ಹಾಕುವುದು. ಅವನು ಪಾಲಿಶ್ ಹಾಕಿದ ಮೇಜಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು. ಅದಕ್ಕೇ ಕನ್ನಡಿ ಮೇಸ್ತ್ರಿ ಎಂಬ ಬಿರುದು. “ನನ್ನ ಕೈಗೆ ಸಿಕ್ಕಿ ಉಳಿದ ಗೀರು ಇನ್ನೂ ಹುಟ್ಟಿಲ್ಲ” ಎಂದು ಅವನು ಗಿರಾಕಿಗಳಿಗೆಲ್ಲ ಹೇಳುತ್ತಿದ್ದ. ಹುಟ್ಟಿತು. ಅದೂ ಅವನ ಜೇಬಿನಲ್ಲೇ!

ಆದದ್ದು ಇಷ್ಟೇ. ಒಂದು ಕಪಾಟಿನ ಫೋಟೋ ತೆಗೆಯಬೇಕಿತ್ತು. ಅವನ ಸ್ವಂತ ಮೊಬೈಲಿನಲ್ಲಿ ತೆಗೆದರೆ ಕಪಾಟು ಯಾವುದು, ಕತ್ತಲೆ ಯಾವುದು ಗೊತ್ತಾಗುವುದಿಲ್ಲ. ಹೆಂಡತಿಯದು ನಾಲ್ಕು ತಿಂಗಳ ಹೊಸ ಮೊಬೈಲು. ಅವಳ ರಜೆಯ ದಿನ, ಅವಳು ಮಲಗಿದ್ದಾಗ, ಮೆಲ್ಲಗೆ ಎತ್ತಿಕೊಂಡು ಹೋಗಿ ಫೋಟೋ ತೆಗೆದು, ಅಭ್ಯಾಸಬಲದಿಂದ ಕೆಲಸದ ಅಂಗಿಯ ಜೇಬಿಗೆ ಹಾಕಿಕೊಂಡ. ಜೇಬಿನಲ್ಲಿ ಆಗಲೇ ಎರಡು ಮೊಳೆ ವಾಸವಾಗಿದ್ದವು. ಮನೆಗೆ ಬಂದು ತೆಗೆದು ನೋಡಿದರೆ ಗಾಜಿನ ಮೇಲೆ ಎರಡು ಗೀರು. ಬೆಕ್ಕಿನ ಮೀಸೆಯಷ್ಟು ಸಣ್ಣವು. ಯಾರ ಕಣ್ಣಿಗೂ ಬೀಳಲಿಕ್ಕಿಲ್ಲ ಎಂದುಕೊಂಡು, ತೆಗೆದಲ್ಲೇ ಇಟ್ಟು, ಕೈ ತೊಳೆದುಕೊಂಡ.

ಹೆಂಡತಿ ಹಲ್ಲಿನ ಡಾಕ್ಟರ ಬಳಿ ನರ್ಸು. ಹಲ್ಲಿನ ಸಂದಿಯ ಸಾಸಿವೆಯಷ್ಟು ಹುಳುಕನ್ನೂ ಕಂಡುಹಿಡಿಯುವ ಕಣ್ಣು ಅದು. ಸಂಜೆಯೇ ಕೂಗು ಬಂತು.

“ಅಮ್ಮಾ! ಏನಮ್ಮ ಇದು?”

ಆ ಹೊತ್ತಿಗೆ ಮೊಬೈಲು ಹಿಡಿದುಕೊಂಡು ತಂಗಿಯ ಜೊತೆ ಮಾತಾಡುತ್ತಿದ್ದವರು ಅತ್ತೆ, ಹೆಂಡತಿಯ ತಾಯಿ. ಅವರ ಬಲಗೈಯಲ್ಲಿ ಒಂದು ಹಳೆಯ ಉಂಗುರ. ಮೂವತ್ತು ವರ್ಷದಿಂದ ಬೆರಳು ದಪ್ಪವಾಗುತ್ತ ಬಂದು, ಉಂಗುರ ಅಲ್ಲೇ ಮನೆ ಮಾಡಿಕೊಂಡಿದೆ, ಬರುವುದಿಲ್ಲ.

“ಉಂಗುರದ ಕೈಯಲ್ಲಿ ಫೋನ್ ಉಜ್ಜಬೇಡ ಅಂತ ಎಷ್ಟು ಸಲ ಹೇಳಿದ್ದೀನಿ! ನೋಡು, ಎರಡು ಗೀರು!”

ಅತ್ತೆ ಮೊಬೈಲು ನೋಡಿದರು. ಉಂಗುರ ನೋಡಿದರು. ಆಮೇಲೆ ಸುಮ್ಮನೆ ಅಳಿಯನ ಕಡೆ ನೋಡಿದರು. ಮೇಸ್ತ್ರಿ ಅಲ್ಲೇ ಬಾಗಿಲಲ್ಲಿ ನಿಂತಿದ್ದ. ಬಾಯಿ ತೆರೆದ. “ಅದು...” ಎಂದ. ಇಬ್ಬರೂ ಅವನತ್ತ ತಿರುಗಿದರು.

“ಅದು... ಟೀ ಇದೆಯಾ?” ಎಂದುಬಿಟ್ಟ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಅದು ಹೀಗೆಯೇ ಆಗುವುದು. ಎತ್ತು ಟೀ ಕುಡಿಯುತ್ತ ಕೂತಿರುತ್ತದೆ.

ಅಷ್ಟಕ್ಕೇ ಮುಗಿದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ಮರುದಿನ ಬೆಳಿಗ್ಗೆ ಅತ್ತೆ ತಂಗಿಗೆ ಫೋನ್ ಮಾಡಲು ಬಂದರು. ಎರಡೂ ಕೈಗೆ ಮುಖ ಒರೆಸುವ ಟವೆಲು ಸುತ್ತಿಕೊಂಡಿದ್ದರು!

“ಇದೇನು ಅತ್ತೆ?”

“ಗೀರು ಬೀಳಬಾರದಲ್ಲ ಅಳಿಯಂದ್ರೇ.”

“ಎಡಗೈಗೆ ಉಂಗುರಾನೇ ಇಲ್ವಲ್ಲ!”

“ಕೈ ಅಂದ್ಮೇಲೆ ಕೈಯೇ ಅಲ್ವಾ? ಒಂದು ಸಲ ನಂಬಿಕೆ ಹೋದ್ಮೇಲೆ ಮುಗೀತು.”

ಟವೆಲಿನ ಬೆರಳಿಗೆ ಮೊಬೈಲು ಎಲ್ಲಿ ಮಾತು ಕೇಳುತ್ತದೆ? ಒತ್ತಿದರು, ಒತ್ತಿದರು, ತಂಗಿ ಸಿಗಲಿಲ್ಲ. ಕೊನೆಗೆ ಅತ್ತೆ ಮೊಬೈಲನ್ನು ಮೇಜಿನ ಮೇಲಿಟ್ಟು, ಬಗ್ಗಿ, ಮೂಗಿನ ತುದಿಯಿಂದ ತಂಗಿಯ ಹೆಸರು ಒತ್ತಿದರು. ತಂಗಿ ಸಿಕ್ಕಳು! ಅಂದಿನಿಂದ ದಿನಾ ಇದೇ. ಬೆಳಿಗ್ಗೆ ಎಂಟೂವರೆಗೆ, ಮೇಸ್ತ್ರಿ ತಿಂಡಿಗೆ ಕೂತ ಹೊತ್ತಿಗೆ ಸರಿಯಾಗಿ, ಎದುರಿನ ಮೇಜಿನ ಮೇಲೆ ಅತ್ತೆಯ ಮೂಗು ಇಳಿಯುತ್ತಿತ್ತು. ಒಮ್ಮೊಮ್ಮೆ ಮೂಗು ತಪ್ಪಿ ಹಾಲಿನವನಿಗೆ ಹೋಗುತ್ತಿತ್ತು. “ತಪ್ಪಾಯ್ತಪ್ಪ, ಕೈ ಬಳಸೋ ಹಾಗಿಲ್ಲ, ನಾನು ಮಗಳ ಫೋನ್ ಹಾಳು ಮಾಡಿದ್ದೀನಿ” ಎಂದು ಅವನಿಗೂ ಹೇಳುತ್ತಿದ್ದರು. ಮೇಸ್ತ್ರಿ ಎತ್ತಿದ ತುತ್ತನ್ನು ತಟ್ಟೆಗೇ ವಾಪಸು ಇಡುತ್ತಿದ್ದ.

ಇದರ ಮೇಲೆ ಉಪಚಾರ ಬೇರೆ. “ಇನ್ನೊಂದು ಹಾಕ್ಕೊಳ್ಳಿ ಅಳಿಯಂದ್ರೇ. ನಿಮ್ಮ ಮನೇಲಿದ್ದು ನಿಮಗೇ ನಷ್ಟ ಮಾಡ್ದೆ. ಒಂದು ಮಾತೂ ಅನ್ನಲಿಲ್ಲವಲ್ಲ ನೀವು, ದೊಡ್ಡ ಮನಸ್ಸು!” ಎನ್ನುತ್ತಿದ್ದರು. ಆ ದೊಡ್ಡ ಮನಸ್ಸಿನವನು ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ನಾಚಿಕೆ ಎಂಬುದು ಹೊಟ್ಟೆ ತುಂಬ ಉಂಡಾಗ ಇನ್ನೂ ಜಾಸ್ತಿ ಆಗುತ್ತದೆಂದು ಅವನಿಗೆ ಆ ಇಪ್ಪತ್ತು ದಿನದಲ್ಲಿ ಗೊತ್ತಾಯಿತು.

“ನಾನೇ ಮಾಡಿದ್ದು” ಎಂದು ಹೇಳಿದ್ದರೆ ಎರಡು ಪದದಲ್ಲಿ ಮುಗಿಯುತ್ತಿತ್ತು. ಆದರೆ ಮೊದಲ ದಿನ ಹೇಳದೆ ಎರಡನೆಯ ದಿನ ಹೇಳಿದರೆ “ನಿನ್ನೆ ಯಾಕೆ ಹೇಳಲಿಲ್ಲ” ಎನ್ನುತ್ತಾರೆ. ಹತ್ತನೆಯ ದಿನ ಹೇಳಿದರೆ ಒಂಬತ್ತು ದಿನದ ಲೆಕ್ಕ ಕೇಳುತ್ತಾರೆ. ತಪ್ಪು ಅದೇ ಬೆಕ್ಕಿನ ಮೀಸೆಯಷ್ಟಿದ್ದರೂ ಮುಚ್ಚುಮರೆ ಮಾತ್ರ ದಿನಕ್ಕೊಂದು ಮೊಳ ಬೆಳೆಯುತ್ತಿತ್ತು. ಅದಕ್ಕಿಂತ ಗೀರನ್ನೇ ಅಳಿಸಿಬಿಟ್ಟರೆ? ಗೀರೇ ಇಲ್ಲದ ಮೇಲೆ ಅಪವಾದ ಎಲ್ಲಿಂದ ಬರಬೇಕು? ಅತ್ತೆಯ ಮೂಗಿಗೂ ಬಿಡುಗಡೆ, ಅಳಿಯನ ಮಾನಕ್ಕೂ ಕ್ಷೇಮ!

ಹೀಗೆ ಬಂತು ಆ ಶಪಥ.

ಆ ದಿನ ಮೇಸ್ತ್ರಿಗೆ ಕೆಲಸವಿರಲಿಲ್ಲ. ಹಿಂದಿನ ದಿನ ಬಳಿದ ವಾರ್ನಿಷ್ ಒಣಗಬೇಕಿತ್ತು. ಹೆಂಡತಿ ಅವಸರದಲ್ಲಿ ಮೊಬೈಲನ್ನು ಚಾರ್ಜಿಗೆ ಹಾಕಿದ್ದಲ್ಲೇ ಮರೆತು ಹೋಗಿದ್ದಳು. ಅತ್ತೆ ಒಳಗೆ ಮಲಗಿದ್ದರು. ಮೇಸ್ತ್ರಿ ಊಟದ ಮೇಜಿನ ಮೇಲೆ ಹಳೇ ಪೇಪರು ಹಾಸಿ, ಮೊಬೈಲನ್ನು ಆಪರೇಷನ್ನಿನ ರೋಗಿಯಂತೆ ಅಂಗಾತ ಮಲಗಿಸಿದ.

ಮೊದಲ ಮದ್ದು ಟೂತ್‌ಪೇಸ್ಟು. ಮೊಬೈಲಿನ ಸಣ್ಣ ಗೀರಿಗೆ ಪೇಸ್ಟು ರಾಮಬಾಣ ಎಂದು ಅವನ ಜೊತೆಗಾರ ಬಡಗಿ ಹೇಳಿದ್ದ. ಬಡಗಿಯ ಸ್ವಂತ ಮೊಬೈಲಿನ ಗಾಜು ಜೇಡರ ಬಲೆಯಂತೆ ಒಡೆದಿದೆ ಎಂಬುದು ಆಗ ಮೇಸ್ತ್ರಿಗೆ ನೆನಪಾಗಲಿಲ್ಲ. ಮೊಬೈಲನ್ನು ಆಫ್ ಮಾಡಲೂ ಇಲ್ಲ. ಮೇಲ್ಮೈಯ ದೋಷ ಬೆಳಕಿನಲ್ಲೇ ಕಾಣುವುದು, ಅದು ಕಸುಬಿನ ನಿಯಮ. ಬಟ್ಟೆಯನ್ನೂ ತೆಗೆದುಕೊಳ್ಳಲಿಲ್ಲ. ಗೀರಿನ ಆಳ ಬರಿ ಬೆರಳಿಗೇ ತಿಳಿಯುವುದು, ಅದೂ ನಿಯಮ. ಬೆಳಗುತ್ತಿರುವ ಪರದೆಯ ಮೇಲೆ ಬಟಾಣಿಯಷ್ಟು ಪೇಸ್ಟು ಹಾಕಿ, ಹೆಬ್ಬೆರಳಿನಲ್ಲಿ ಗರಗರ ತಿಕ್ಕತೊಡಗಿದ. ತಿಕ್ಕುವಾಗ ತನ್ನಷ್ಟಕ್ಕೇ ಮಾತಾಡಿಕೊಳ್ಳುವುದು ಅವನ ಹಳೆಯ ಚಾಳಿ.

“ಏನು ಗಟ್ಟಿ ಇದೆಯಪ್ಪ ಇದು! ಪೇಸ್ಟಿಗೆಲ್ಲ ಬಗ್ಗೋ ಜಾತಿ ಅಲ್ಲ. ಇದಕ್ಕೆ ಉಪ್ಪುಕಾಗದಾನೇ ಗತಿ. ಮೊದಲು ಒರಟಾಗಿ ತಿಕ್ಕಿ, ಆಮೇಲೆ ನಯ ಮಾಡೋದು. ಮೇಲಿನ ಪದರ ಪೂರ್ತಿ ಸವೆಸಿಬಿಟ್ರೆ ಆಯ್ತು, ಯಾರಿಗೂ ಗೊತ್ತಾಗಲ್ಲ!”

ಟೊಯ್ಯ್ ಎಂದು ಮೊಬೈಲು ಸದ್ದು ಮಾಡಿತು. ಪೇಸ್ಟಿನ ಗುಳ್ಳೆ ಒಡೆದಿರಬೇಕು ಎಂದುಕೊಂಡ ಮೇಸ್ತ್ರಿ ಉಪ್ಪುಕಾಗದ ತರಲು ಎದ್ದ.

ಬಡಗಿಗಳು, ಪಾಲಿಶಿನವರು ಮರ ಉಜ್ಜುವ ಕಾಗದ ಅದು. ಮೇಸ್ತ್ರಿಯ ಗುರುಗಳು ಹೇಳಿಕೊಟ್ಟ ಮಂತ್ರ ಒಂದೇ: ‘ಒಂದು ಗೀರು ಕಾಣಬಾರದಾ, ಸುತ್ತ ಸಾವಿರ ಗೀರು ಹಾಕು.’ ಮರದ ಮಟ್ಟಿಗೆ ಇದು ವೇದವಾಕ್ಯ. ಇಡೀ ಮೈಯನ್ನು ಸಮನಾಗಿ ಉಜ್ಜಿ ಗೀರನ್ನು ಅದರಲ್ಲಿ ಮುಳುಗಿಸಬೇಕು, ಆಮೇಲೆ ಪಾಲಿಶ್ ಬಳಿದರೆ ಎಲ್ಲ ತುಂಬಿಕೊಂಡು ಕನ್ನಡಿಯಾಗುತ್ತದೆ. ಮೇಸ್ತ್ರಿ ಭಕ್ತಿಯಿಂದ ಉಜ್ಜಿದ. ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ, ಒಂದು ಅಂಗುಲವನ್ನೂ ಬಿಡದೆ. ಅರ್ಧ ಗಂಟೆಯ ಮೇಲೆ ಪುಡಿ ಊದಿ ನೋಡಿದ.

ಎರಡು ಗೀರು ಮಾಯವಾಗಿದ್ದವು. ಮೊಬೈಲಿನೊಳಗಿನ ಪ್ರಪಂಚವೂ ಮಾಯವಾಗಿತ್ತು! ಪರದೆ ಪೂರ್ತಿ ಬಚ್ಚಲುಮನೆಯ ಕಿಟಕಿಯ ಗಾಜಿನಂತೆ ಬೆಳ್ಳಗಾಗಿತ್ತು. ಅದರಾಚೆ ಹೆಂಡತಿಯ ಫೋಟೋ ಹಬೆಯಲ್ಲಿ ನಿಂತವಳಂತೆ ಮಸುಕಾಗಿ ಕಾಣುತ್ತಿತ್ತು. ಅವಳು ನಗುತ್ತಿದ್ದಾಳೋ ಹಲ್ಲು ಕಡಿಯುತ್ತಿದ್ದಾಳೋ ಹೇಳುವಂತಿರಲಿಲ್ಲ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡವನು ಅಲ್ಲಿಗಾದರೂ ಕೊಡಲಿ ಕೆಳಗಿಡಬೇಕು. ಮೇಸ್ತ್ರಿ ಇಡಲಿಲ್ಲ. ಇನ್ನೇನು, ಪಾಲಿಶ್ ಒಂದು ಬಾಕಿ ಇದೆಯಲ್ಲ! ಡಬ್ಬಿ ತೆರೆದು, ಹತ್ತಿಯ ಉಂಡೆ ಅದ್ದಿ, ತೆಳುವಾಗಿ ಒಂದು ಕೈ ಎಳೆದ. ಸ್ವಲ್ಪ ಹೊಳಪು ಬಂತು. ಆಸೆ ಹೆಚ್ಚಿ ಇನ್ನೊಂದು ಕೈ ಎಳೆದ. ಈಗ ಹೆಂಡತಿ ಕಾಣಿಸಿದಳು. ಅಪ್ಪಟ ತೇಗದ ಬಣ್ಣದಲ್ಲಿ!

ಅಷ್ಟರಲ್ಲಿ ಅವನ ಸ್ವಂತ ಮೊಬೈಲು ಬಡಿದುಕೊಂಡಿತು. ಹಲ್ಲಿನ ಆಸ್ಪತ್ರೆಯಿಂದ ಹೆಂಡತಿ.

“ರೀ, ಏನು ಉಜ್ತಾ ಇದ್ದೀರ ಮನೇಲಿ?”

ಮೇಸ್ತ್ರಿಗೆ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುವುದೊಂದು ಬಾಕಿ. “ನಾನಾ? ಏನೂ ಇಲ್ವಲ್ಲ! ಯಾಕೆ?”

“ಯಾಕಾ? ನಾಳೆ ಹಲ್ಲು ಕ್ಲೀನ್ ಮಾಡಿಸೋಕೆ ಬರೋರದ್ದು ನನ್ನ ಫೋನಲ್ಲಿ ಒಂದು ವಾಟ್ಸಾಪ್ ಗ್ರೂಪ್ ಇದೆ. ಒಂಬತ್ತು ಜನ. ಆ ಗ್ರೂಪಿಗೆ ನಿಮ್ಮ ದನಿ ರೆಕಾರ್ಡ್ ಆಗಿ ಹೋಗಿದೆ. ‘ಪೇಸ್ಟಿಗೆಲ್ಲ ಬಗ್ಗಲ್ಲ, ಉಪ್ಪುಕಾಗದಾನೇ ಗತಿ, ಮೇಲಿನ ಪದರ ಸವೆಸಿಬಿಟ್ರೆ ಯಾರಿಗೂ ಗೊತ್ತಾಗಲ್ಲ’ ಅಂತ! ಅದು ಡಾಕ್ಟರೇ ಮಾತಾಡಿದ್ದು ಅಂದ್ಕೊಂಡಿದ್ದಾರೆ ಎಲ್ಲರೂ! ಒಂಬತ್ತರಲ್ಲಿ ಏಳು ಜನ ಬರಲ್ಲ ಅಂತ ಇಲ್ಲಿಗೆ ಫೋನ್ ಮಾಡಿದ್ರು. ಎಂಟನೆಯವರು ಅಳ್ತಾ ಇದ್ದಾರೆ.”

“ಒಂಬತ್ತನೆಯವರು?”

“ಅವರಿಗೆ ಕಿವಿ ಕೇಳಲ್ಲ. ಬರ್ತಾರೆ. ಈಗ ಹೇಳಿ, ಏನು ಮಾಡ್ತಾ ಇದ್ರಿ?”

ಹೇಳಿಬಿಡಲು ಇದಕ್ಕಿಂತ ಒಳ್ಳೆಯ ಗಳಿಗೆ ಬರುವಂತಿರಲಿಲ್ಲ. ಮೇಸ್ತ್ರಿ ಉಸಿರೆಳೆದುಕೊಂಡ. ಆದರೆ ಅವನ ನಾಲಗೆ ಅವನಿಗಿಂತ ಒಂದು ಹೆಜ್ಜೆ ಮುಂದೆ ಓಡುವಂಥದ್ದು.

“ನಿಮ್ಮಮ್ಮ ಮಾಡಿದ ಗೀರಿತ್ತಲ್ಲ... ಪಾಪ, ಅವರು ನೊಂದ್ಕೊಂಡಿದ್ದಾರೆ ಅಂತ ಅದನ್ನ ತೆಗೀತಾ ಇದ್ದೆ ಕಣೇ.”

ಆ ಕಡೆ ದನಿ ಮೆತ್ತಗಾಯಿತು. “ಅಮ್ಮನಿಗೋಸ್ಕರಾನಾ? ಮೊದಲೇ ಹೇಳಬಾರದಾ! ಸರಿ, ಡಾಕ್ಟರಿಗೆ ಏನೋ ಹೇಳ್ತೀನಿ ಬಿಡಿ.”

ಫೋನ್ ಇಟ್ಟ ಮೇಲೆ ಮೇಸ್ತ್ರಿಗೆ ತನ್ನ ಮುಖ ತಾನೇ ನೋಡಿಕೊಳ್ಳಲು ಹೇಸಿಗೆಯಾಯಿತು. ಇಷ್ಟು ದಿನ ಅವನು ಬಾಯಿ ಮುಚ್ಚಿಕೊಂಡಿದ್ದನೇ ಹೊರತು ಸುಳ್ಳು ಹೇಳಿರಲಿಲ್ಲ. ಈಗ ಬಾಯಿ ಬಿಟ್ಟು, ಪಕ್ಕದ ಕೋಣೆಯಲ್ಲಿ ಮಲಗಿದ್ದ ವಯಸ್ಸಾದ ಹೆಂಗಸಿನ ಮೇಲೆ, ಸ್ಪಷ್ಟವಾಗಿ, ‘ನಿಮ್ಮಮ್ಮ’ ಎಂದೇ ಹೇಳಿ, ತಪ್ಪು ಹೊರಿಸಿದ್ದ. ಅದಕ್ಕೆ ಮೆಚ್ಚುಗೆಯೂ ಸಿಕ್ಕಿತ್ತು!

ತೇಗದ ಮೊಬೈಲನ್ನು ಪೇಪರಿನಲ್ಲಿ ಸುತ್ತಿಕೊಂಡು ಬೀದಿ ಕೊನೆಯ ರಿಪೇರಿ ಅಂಗಡಿಗೆ ಓಡಿದ. ಅಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದ ಯಜಮಾನಿ ಮೊಬೈಲನ್ನು ತಿರುಗಿಸಿ ನೋಡಿದಳು, ಆಮೇಲೆ ಮೂಸಿದಳು.

“ಅಣ್ಣಾ, ಇದು ಮೊಬೈಲಾ, ಬಾಗಿಲಾ?”

“ಗಾಜು ಹೋಯ್ತಾ ತಾಯಿ?”

ಅವಳು ಮೂಲೆಗೆ ಉಗುರು ಕೊಟ್ಟು, ಮೆಲ್ಲಗೆ ಎತ್ತಿದಳು. ಚರ್ ಎಂದು ಇಡೀ ಮಸುಕು ಗಾಜು ಹಪ್ಪಳದಂತೆ ಎದ್ದು ಬಂತು! ಕೆಳಗೆ ಇನ್ನೊಂದು ಗಾಜು. ಥಳಥಳ. ಒಂದು ಗೀರಿಲ್ಲ, ಒಂದು ಚುಕ್ಕೆಯಿಲ್ಲ. ಹೆಂಡತಿ ತನ್ನ ಸಹಜ ಬಣ್ಣದಲ್ಲಿ ನಗುತ್ತಿದ್ದಳು.

“ಇದು ಸ್ಕ್ರೀನ್ ಗಾರ್ಡ್ ಅಣ್ಣ. ಕಾಪಾಡೋ ಗಾಜು. ಗೀರು ಬಿದ್ರೆ ಇದಕ್ಕೆ ಬೀಳಲಿ ಅಂತ ಕೊಂಡ ಅಂಗಡೀಲೇ ಅಂಟಿಸಿರ್ತಾರೆ, ಎಷ್ಟೋ ಜನಕ್ಕೆ ಗೊತ್ತೇ ಇರಲ್ಲ. ಬಿದ್ಮೇಲೆ ಕಿತ್ತು ಎಸೆದು ಬೇರೆ ಅಂಟಿಸ್ತೀವಿ. ಎರಡು ನಿಮಿಷದ ಕೆಲಸ. ನೀವೇನು ಮಾಡಿದ್ರಿ ಇದಕ್ಕೆ?”

“ಉಜ್ಜಿದೆ.”

“ಎಷ್ಟು ಹೊತ್ತು?”

ಮೇಸ್ತ್ರಿ ಜೇಬಿನಲ್ಲಿ ದುಡ್ಡು ಹುಡುಕತೊಡಗಿದ. ಇಪ್ಪತ್ತು ದಿನ ಎಂದರೂ ಸುಳ್ಳಾಗುತ್ತಿರಲಿಲ್ಲ. ಅವಳು ಹೊಸ ಗಾಜು ಅಂಟಿಸಿ ಕೊಟ್ಟು, “ಹಳೇದನ್ನ ಇಲ್ಲೇ ಬಿಟ್ಟು ಹೋಗಿ, ಗೋಡೆಗೆ ನೇತುಹಾಕ್ತೀನಿ. ನಾಲ್ಕು ಜನ ನೋಡಲಿ” ಎಂದಳು.

ಬೀದಿಯಲ್ಲಿ ವಾಪಸು ಬರುವಾಗ ಸೈತಾನ ಕಿವಿಯಲ್ಲಿ ಪಿಸುಗುಟ್ಟಿದ: ಎಲ್ಲ ಸರಿಹೋಯಿತಲ್ಲ! ಗೀರು ಇಲ್ಲ, ಸಾಕ್ಷಿ ಇಲ್ಲ. ಸುಮ್ಮನೆ ಚಾರ್ಜಿಗೆ ಹಾಕಿ ಕೂತರೆ ನೀನೇ ಧೀರ! ಮೇಸ್ತ್ರಿ ಹಾಗೆಯೇ ಮಾಡಿದ. ಐದು ಗಂಟೆಗೆ ಹೆಂಡತಿ ಬಂದಳು. ಮೊಬೈಲು ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು, ಓರೆ ಮಾಡಿ ನೋಡಿದಳು. ಅವಳ ಮುಖ ಅರಳಿತು.

“ಅಬ್ಬಾ! ಹೊಸದರ ಹಾಗೇ ಇದೆ! ನೋಡಮ್ಮ, ನೀನು ಮಾಡಿದ ಗೀರನ್ನ ನಿನ್ನ ಅಳಿಯ ತೆಗೆದುಹಾಕಿದ್ದಾರೆ. ನಿನಗೋಸ್ಕರ ಇಡೀ ದಿನ ಕೂತು ಉಜ್ಜಿದ್ದಾರೆ!”

ಅತ್ತೆ ಒಳಗಿನಿಂದ ಬಂದರು. ಕೈಗೆ ಟವೆಲು ಸುತ್ತಿಯೇ ಇತ್ತು. ಮೊಬೈಲು ನೋಡಿದರು. ಅಳಿಯನ ಮುಖ ನೋಡಿದರು. ಆಮೇಲೆ ಆ ಎರಡು ಟವೆಲಿನ ಗಂಟುಗಳನ್ನು ಎದೆಯ ಮುಂದೆ ಜೋಡಿಸಿ ಕೈ ಮುಗಿದರು.

“ನನ್ನ ತಪ್ಪನ್ನ ನಿಮ್ಮ ಕೈಯಾರೆ ತೊಳೆದ್ರಿ ಅಳಿಯಂದ್ರೇ. ಈ ಋಣ ತೀರಿಸೋಕಾಗಲ್ಲ.”

ಮೇಸ್ತ್ರಿಗೆ ಇನ್ನು ತಡೆಯಲಾಗಲಿಲ್ಲ. ಅವರ ಕೈ ಹಿಡಿದುಕೊಂಡ. ಹಿಡಿದದ್ದು ಬರೀ ಟವೆಲೇ ಆದರೂ ಬಿಡಲಿಲ್ಲ.

“ಕೈ ಮುಗೀಬೇಡಿ ಅತ್ತೆ! ನಿಮ್ಮ ಉಂಗುರ ಅಲ್ಲ ಅದು. ನನ್ನ ಜೇಬು. ಜೇಬಲ್ಲಿ ಮೊಳೆ ಇತ್ತು. ನಾನೇ ಮಾಡಿದ್ದು. ಅವತ್ತೇ ಗೊತ್ತಿತ್ತು ನನಗೆ. ನೀವು ಬೈಸ್ಕೊಳ್ಳೋದನ್ನ ನಿಂತು ನೋಡ್ದೆ. ಇವತ್ತು ಗೀರು ತೆಗೆದವನೂ ನಾನಲ್ಲ, ಅಂಗಡಿಯವಳು. ನಾನು ಬರೀ ಹೇಡಿ ಅತ್ತೆ!”

ಹೆಂಡತಿ ಕುರ್ಚಿಯ ಮೇಲೆ ಕುಸಿದಳು.

“ಇಪ್ಪತ್ತು ದಿನ! ಇಪ್ಪತ್ತು ದಿನ ಹೆತ್ತ ತಾಯಿಗೆ ಬೈದ್ನಲ್ಲ ನಾನು! ಅವಳು ಮೂಗಲ್ಲಿ ಫೋನ್ ಒತ್ತೋದನ್ನ ನೋಡ್ಕೊಂಡು ತಿಂಡಿ ತಿಂತಿದ್ರಲ್ರೀ ನೀವು!”

“ಸರಿಯಾಗಿ ಸೇರ್ತಿರಲಿಲ್ಲ ಕಣೇ...”

“ಮಾತಾಡಬೇಡಿ! ನಮ್ಮ ಚಿಕ್ಕಮ್ಮನಿಗೂ ಹೇಳಿಬಿಟ್ಟಿದ್ದೀನಿ, ಅಮ್ಮ ಫೋನ್ ಹಾಳು ಮಾಡಿದಳು ಅಂತ. ಈಗಲೇ ಫೋನ್ ಮಾಡಿ. ಸ್ಪೀಕರ್ ಹಾಕಿ. ನಿಮ್ಮ ಬಾಯಲ್ಲೇ ಹೇಳಿ!”

ಅತ್ತೆ ಗೋಡೆ ಕಡೆ ತಿರುಗಿ ಟವೆಲು ಬಿಚ್ಚುತ್ತಿದ್ದರು. ಅವರ ಭುಜ ಅಲ್ಲಾಡುತ್ತಿತ್ತು. ಅಳುತ್ತಿದ್ದಾರೆ ಎಂದುಕೊಂಡು ಮೇಸ್ತ್ರಿ ಇನ್ನಷ್ಟು ಕುಗ್ಗಿದ. ಅತ್ತೆಯ ತಂಗಿ ಚಿಕ್ಕತ್ತೆಗೆ ಫೋನ್ ಹಚ್ಚಿದ.

“ಚಿಕ್ಕತ್ತೆ, ನಾನು. ಆ ಗೀರು... ಅತ್ತೆ ಮಾಡಿದ್ದಲ್ಲ. ನಾನೇ ಮಾಡಿದ್ದು.”

ಆ ಕಡೆಯಿಂದ ಒಂದು ದೊಡ್ಡ ನಿಟ್ಟುಸಿರು ಬಂತು.

“ಇನ್ನೊಂದೆರಡು ದಿನ ತಡೆಯೋಕಾಗಲಿಲ್ವಾ ನಿಮಗೆ?”

“ಆಂ?”

“ನೀವು ಜೇಬಿಂದ ಮೊಬೈಲ್ ತೆಗೆದಿಟ್ಟಾಗ ಒಂದು ಮೊಳೆ ಅಲ್ಲೇ ಬಿದ್ದಿತ್ತಂತೆ. ಅಕ್ಕನ ಕಾಲಿಗೇ ಚುಚ್ಚಿತಂತೆ. ಅವತ್ತು ರಾತ್ರಿನೇ ಹೇಳಿದ್ಲು. ‘ಅಳಿಯನ ಹೆಸರು ಹೇಳಿದ್ರೆ ಮಗಳು ಜಗಳ ತೆಗೀತಾಳೆ, ಅವರೇ ಹೇಳ್ಲಿ ಬಿಡು. ಒಳ್ಳೆ ಮನುಷ್ಯ, ಮೂರು ವಾರದ ಮೇಲೆ ತಡ್ಕೊಳ್ಳಲ್ಲ’ ಅಂದ್ಲು. ಅಯ್ಯೋ, ಜನ್ಮದಲ್ಲೂ ಬಾಯಿ ಬಿಡಲ್ಲ ಅಂತ ನಾನು ಪಂದ್ಯ ಕಟ್ಟಿದೆ. ಟವೆಲು ಅಕ್ಕನ ಉಪಾಯ. ಮೂಗು ಮಾತ್ರ ನಂದು.”

ಮೇಸ್ತ್ರಿ ಅತ್ತೆಯ ಕಡೆ ತಿರುಗಿದ. ಅತ್ತೆ ಅಳುತ್ತಿರಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದರು. ಅವರು ಎಲ್ಲ ಗೊತ್ತಿದ್ದೂ ತನ್ನನ್ನು ಆಟವಾಡಿಸಿದರು ಎಂಬುದು ಅವನಿಗೆ ಅಷ್ಟಾಗಿ ತಾಗಲಿಲ್ಲ. ತಾಗಿದ್ದು ‘ಒಳ್ಳೆ ಮನುಷ್ಯ’ ಎಂಬ ಮಾತು. ಕಾಲಿಗೆ ಮೊಳೆ ಚುಚ್ಚಿದ ದಿನವೂ ಹಾಗೆಂದಿದ್ದರಲ್ಲ! ನೆಲ ಬಿರಿದು ನುಂಗಬಾರದೇ ಎನ್ನಿಸಿತು.

“ಪಂದ್ಯ ಸೋತೆ” ಎಂದರು ಚಿಕ್ಕತ್ತೆ. “ಸೋತವಳು ಗೆದ್ದವಳ ಹತ್ರ ಬಂದು ಹದಿನೈದು ದಿನ ಇರಬೇಕು ಅಂತ ಮಾತಾಗಿತ್ತು. ನಾಳೆ ಬರ್ತೀನಿ. ಹಾಂ, ನನ್ನ ಮೊಬೈಲಿಗೂ ಮೂರು ಗೀರು ಬಿದ್ದಿದೆ, ತರ್ತೀನಿ. ನೀವು ಪಾಲಿಶಿನವರು, ತೆಗೆದುಕೊಡಿ.”

“ಆಗಲಿ ಚಿಕ್ಕತ್ತೆ” ಎಂದ ಮೇಸ್ತ್ರಿ. ಏನಾದರೂ ಕೇಳಬೇಕಲ್ಲ ಎಂದು ಕೇಳಿದ, “ಅದು ಯಾರು ಮಾಡಿದ್ದು?”

“ನಾನೇ!” ಎಂದರು ಚಿಕ್ಕತ್ತೆ. “ನೋಡಿದ್ರಾ? ಹೇಳೋಕೆ ಒಂದು ನಿಮಿಷಾನೂ ಬೇಕಾಗಲಿಲ್ಲ!”